ಬಸ್‌ಸ್ಟಾಂಡಿನಿಂದ ಬಾಡಿಗೆ ಕೋಣೆಗೆ: ನೆಲೆಯಿಲ್ಲದ ಹುಡುಗ ಹುಡುಗಿಯರ ಜೊತೆಗೆ ನಿಲ್ಲುವ ಬಗೆ

ಕಾಸರಗೋಡಿನ ರೈಲ್ವೆ ಸ್ಟೇಷನ್, ಬಸ್‌ಸ್ಟಾಂಡ್, ಕುಂಬಳೆ ಪೇಟೆಯ ಅಂಗಡಿ ಜಗಲಿಗಳು. ರಾತ್ರಿ ಕೊನೆಯ ಬಸ್ಸು ಹೋದ ಮೇಲೆ ಇಲ್ಲಿ ಉಳಿಯುವವರಲ್ಲಿ ಹದಿನೇಳು, ಹತ್ತೊಂಬತ್ತು, ಇಪ್ಪತ್ತೊಂದರ ಪ್ರಾಯದವರೂ ಇರುತ್ತಾರೆ. ನಾವು ಗಮನಿಸುವುದು ಕಡಿಮೆ. ಜೀನ್ಸ್ ಹಾಕಿರುತ್ತಾನೆ, ಬ್ಯಾಗ್ ಇರುತ್ತದೆ, ಕೈಯಲ್ಲಿ ಮೊಬೈಲೂ ಇರಬಹುದು. ಟ್ರೇನಿಗೆ ಕಾಯುತ್ತಿದ್ದಾನೆ ಅಂದುಕೊಂಡು ಮುಂದೆ ಹೋಗುತ್ತೇವೆ. ಬ್ಯಾಗಿನ ಪಟ್ಟಿಯನ್ನು ಮೊಣಕೈಗೆ ಎರಡು ಸುತ್ತು ಸುತ್ತಿಕೊಂಡು, ಚಪ್ಪಲಿಯನ್ನು ತಲೆಯಡಿಗೆ ಇಟ್ಟು ಮಲಗಿದ್ದು ಕಂಡಾಗ ಮಾತ್ರ ಗೊತ್ತಾಗುತ್ತದೆ, ಇವನಿಗೆ ಇದು ಮೊದಲ ರಾತ್ರಿ ಅಲ್ಲ ಅಂತ.

ಎಲ್ಲರೂ ಬೀದಿಯಲ್ಲೇ ಮಲಗುವುದಿಲ್ಲ. ಹೋಟೆಲಿನ ಅಟ್ಟ, ಕಟ್ಟಡ ಕೆಲಸದ ಶೆಡ್ಡು, ಗೆಳೆಯನ ಕ್ವಾರ್ಟರ್ಸಿನ (ಬಾಡಿಗೆ ಕೋಣೆಯ) ಮೂಲೆ, ಇಂಥಲ್ಲೆಲ್ಲ ದಿನ ದೂಡುವವರೂ ನೆಲೆಯಿಲ್ಲದವರೇ. ಹುಡುಗಿಯರಂತೂ ಕಣ್ಣಿಗೆ ಬೀಳುವುದೇ ಇಲ್ಲ. ಯಾರದೋ ಮನೆಕೆಲಸಕ್ಕೆ ಇದ್ದು ಅಲ್ಲೇ ಮಲಗುತ್ತಾರೆ, ಅಲ್ಲಿಂದ ಹೊರಬಿದ್ದ ದಿನ ಹೋಗಲು ಜಾಗವಿಲ್ಲ. ಮನೆಯಲ್ಲಿ ಹೊಡೆತ ತಾಳಲಾರದೆ ಬಂದವರು, ಬಡಗು ಕರ್ನಾಟಕದಿಂದ ಕೂಲಿಗೆ ಬಂದು ಮೇಸ್ತ್ರಿ ಕೈಬಿಟ್ಟವರು, ಅನಾಥಾಲಯದಲ್ಲಿ ಬೆಳೆದು 18 ತುಂಬಿದ ಕೂಡಲೇ ಹೊರಬಂದವರು. ಒಬ್ಬೊಬ್ಬರದು ಒಂದೊಂದು ಕಥೆ.

ಸರಕಾರದ ಸ್ಕೀಮುಗಳಿಗೆ ಕೊರತೆ ಇಲ್ಲ. ಒಂದು ಕೌಂಟರಿನಿಂದ ಇನ್ನೊಂದು ಕೌಂಟರಿಗೆ ಜೊತೆಯಲ್ಲಿ ಬರುವ ಮನುಷ್ಯ ಇಲ್ಲ, ಅಷ್ಟೇ. ನಮ್ಮ ಗಡಿನಾಡಿನಲ್ಲಿ ಇದು ಇನ್ನೂ ಜಾಸ್ತಿ. ಹುಡುಗನ ಶಾಲೆ ಕರ್ನಾಟಕದಲ್ಲಿ, ಕೆಲಸ ಕೇರಳದಲ್ಲಿ. ಆಡುವುದು ಕನ್ನಡ ಅಥವಾ ತುಳು, ಫಾರ್ಮ್ ಮಲಯಾಳದಲ್ಲಿ. ತಲಪಾಡಿ ಗಡಿಯ ಆಚೆಯವರು ಈಚೆಗೆ ಕಳಿಸುತ್ತಾರೆ, ಈಚೆಯವರು ಆಚೆಗೆ. ಈ ಬರಹ ಅಂಥ ಜೊತೆಗಾರರಿಗಾಗಿ. ಟೀಚರಾಗಿರಿ, ಅಂಗಡಿ ಇಟ್ಟವರಾಗಿರಿ, ಯುವಕ ಮಂಡಲದವರಾಗಿರಿ, ವಾರಕ್ಕೆ ಎರಡು ಮೂರು ಗಂಟೆ ಸಿಕ್ಕರೆ ಸಾಕು. ಆದರೆ ಒಂದು ವರ್ಷ ಬಿಡದೆ ಸಿಗಬೇಕು.

ಮೊದಲು ಪ್ರಾಯ ತಿಳಿದುಕೊಳ್ಳಿ

ಮುಂದಿನ ದಾರಿ ಪೂರ್ತಿ ನಿಂತಿರುವುದು ಇದರ ಮೇಲೆ. 18 ತುಂಬದಿದ್ದರೆ ನೀವಾಗಿ ಮನೆಗೆ ಕರೆದುಕೊಂಡು ಹೋಗಬೇಡಿ, ಗುರ್ತದವರ ಹೋಟೆಲಿನಲ್ಲಿ ಕೆಲಸಕ್ಕೂ ಸೇರಿಸಬೇಡಿ. ಮನಸ್ಸು ಒಳ್ಳೆಯದೇ ಇರಬಹುದು, ಕಾನೂನು ಒಪ್ಪುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಒಂಟಿಯಾಗಿ ಸಿಕ್ಕ ಮಗುವಿನ ಬಗ್ಗೆ 24 ಗಂಟೆಯೊಳಗೆ ತಿಳಿಸಬೇಕು. ಪೊಲೀಸರಿಗೆ ಹೇಳಬಹುದು, ಮಕ್ಕಳ ಕಲ್ಯಾಣ ಸಮಿತಿಗೆ ಹೇಳಬಹುದು, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೇಳಬಹುದು. ಎಲ್ಲಕ್ಕಿಂತ ಸುಲಭ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡುವುದು. ತಿಳಿಸದೆ ಇದ್ದರೆ ಅದೇ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಉಂಟು.

ಫೋನ್ ಮಾಡಿ ಕೈತೊಳೆದುಕೊಳ್ಳಬೇಡಿ. ಸಮಿತಿಯ ಮುಂದೆ ಹಾಜರುಪಡಿಸುವ ದಿನ ನೀವೂ ಹೋಗಿ. ಕನ್ನಡ ಮಾತ್ರ ಬರುವ ಮಗುವಿಗೆ ಅಲ್ಲಿ ಮಾತು ಅರ್ಥವಾಗುವ ಒಬ್ಬರು ಇದ್ದರೆ ಎಷ್ಟೋ ಧೈರ್ಯ. ಮನೆಗೆ ವಾಪಸ್ ಹೋಗಲು ಯಾಕೆ ಹೆದರುತ್ತಾನೆ ಅನ್ನುವುದು ಅಲ್ಲಿ ದಾಖಲಾಗಬೇಕು. ಪ್ರಾಯದ ಬಗ್ಗೆ ತಕರಾರು ಬಂದರೆ ಮೊದಲು ನೋಡುವುದು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಪಂಚಾಯತ್ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ.

ಸಂಸ್ಥೆಯಲ್ಲಿದ್ದು 18 ಆಗುತ್ತಿರುವವರ ಪರಿಚಯ ಇದ್ದರೆ ಆರು ತಿಂಗಳು ಮೊದಲೇ ಒಂದು ಮಾತು ಕೇಳಿ: 'ಆಫ್ಟರ್‌ಕೇರ್'ಗೆ ಅರ್ಜಿ ಹೋಗಿದೆಯಾ? ಅದೇ ಕಾಯ್ದೆಯಲ್ಲಿ ಹೊರಬರುವವರಿಗೆ ಆರ್ಥಿಕ ನೆರವು ಕೊಡಲು ಅವಕಾಶ ಇದೆ. 21ರವರೆಗೆ ಸಿಗಬಹುದು, ವಿಶೇಷ ಕಾರಣ ಇದ್ದರೆ 23ರವರೆಗೂ. ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿ ಎಂದಿದೆ. ಹೊರಬಂದು ಬಸ್ಸು ಹತ್ತಿದ ಮೇಲೆ ಇದನ್ನು ಹಿಡಿಯುವುದು ಬಹಳ ಕಷ್ಟ. ಒಳಗಿರುವಾಗಲೇ ಮಕ್ಕಳ ರಕ್ಷಣಾ ಘಟಕದಲ್ಲಿ ಹೆಸರು ಬರೆಸಬೇಕು.

ಇನ್ನು ಮುಂದೆ ಬರೆಯುವುದೆಲ್ಲ 18 ದಾಟಿದವರ ವಿಷಯ.

ಮಾತು ಶುರು ಮಾಡುವುದು

"ನಿನ್ನ ಊರು ಯಾವುದು, ಅಪ್ಪ ಅಮ್ಮ ಎಲ್ಲಿ, ಯಾಕೆ ಓಡಿ ಬಂದೆ?" ಇದು ಪೊಲೀಸರ ಪ್ರಶ್ನೆ. ಅವನು ನೂರು ಸಲ ಕೇಳಿಸಿಕೊಂಡಿರುತ್ತಾನೆ, ಪ್ರತಿಸಲ ಬೇರೆ ಬೇರೆ ಉತ್ತರ ಕೊಟ್ಟಿರುತ್ತಾನೆ. ಅದನ್ನು ಸುಳ್ಳು ಅಂತ ಲೆಕ್ಕ ಇಡಬೇಡಿ. "ಊಟ ಆಯ್ತಾ?" ಅಂತ ಶುರು ಮಾಡಿ. ಇವತ್ತು ರಾತ್ರಿ ಎಲ್ಲಿ, ನಾಳೆ ಕೆಲಸ ಉಂಟಾ, ಮೈಗೆ ಹುಷಾರಿದ್ದೀಯಾ. ಮೊದಲ ದಿನಕ್ಕೆ ಇಷ್ಟು ಸಾಕು.

ಮುಖ್ಯವಾದದ್ದು ಹೇಳಿದ ಹೊತ್ತಿಗೆ ಹೋಗುವುದು. ಬುಧವಾರ ಸಂಜೆ ಆರಕ್ಕೆ ಬರುತ್ತೇನೆ ಅಂದರೆ ಆರಕ್ಕೆ ಅಲ್ಲಿರಬೇಕು. ದೊಡ್ಡ ಮಾತು ಕೊಟ್ಟವರನ್ನು ಇವರು ಬೇಕಾದಷ್ಟು ಕಂಡಿದ್ದಾರೆ. ಮೂರು ನಾಲ್ಕು ಸಲ ಸರಿಯಾದ ಹೊತ್ತಿಗೆ ಬಂದ ಮೇಲೆ ಅವನಾಗಿಯೇ ಬಾಯಿ ಬಿಡುತ್ತಾನೆ. ಮತ್ತೆ ಒಂದು: ಏನು ಮಾಡಬೇಕು ಅಂತ ಅವನೇ ಹೇಳಲಿ. ನಿಮಗೆ ಅವನು ಎಸ್ಸೆಸ್ಸೆಲ್ಸಿ ಮುಗಿಸಬೇಕು ಅನಿಸಬಹುದು. ಅವನಿಗೆ ಬೇಕಾಗಿರುವುದು ಒಂದು ಬೀಗ ಹಾಕುವ ಬಾಗಿಲು. ಮೊದಲು ಬಾಗಿಲು.

ಮನೆಯವರು ಕಾಣೆಯಾದ ದೂರು ಕೊಟ್ಟಿದ್ದಾರಾ ಅಂತ ಮೆಲ್ಲಗೆ ಕೇಳಿಕೊಳ್ಳಿ. ಕೊಟ್ಟಿದ್ದರೆ ಸ್ಟೇಷನಿಗೆ ಜೊತೆಯಲ್ಲಿ ಹೋಗಿ, ತಾನು ಸ್ವಂತ ಇಷ್ಟದಿಂದ ಇಲ್ಲಿದ್ದೇನೆ ಅಂತ ಹೇಳಿಕೆ ಕೊಡಿಸಿ. ಪ್ರಾಯಕ್ಕೆ ಬಂದವರನ್ನು ಬಲವಂತವಾಗಿ ಮನೆಗೆ ಸೇರಿಸುವ ಹಾಗಿಲ್ಲ. ಕಾನೂನಿನ ತೊಡಕು ಕಂಡರೆ 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಸಿಗುತ್ತದೆ. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟು ಅಂತ ಕೇಳದೆ ವಕೀಲರನ್ನು ಕೊಡುತ್ತಾರೆ.

ಹುಡುಗಿ ಆದರೆ ಇವತ್ತಿನ ರಾತ್ರಿಯನ್ನೇ ಮೊದಲು ನೋಡಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, 'ಸಖಿ' ಒನ್ ಸ್ಟಾಪ್ ಸೆಂಟರಿನಲ್ಲಿ ಕೆಲವು ದಿನದ ತಾತ್ಕಾಲಿಕ ಆಸರೆ ಸಿಗುತ್ತದೆ. ನಿಮ್ಮ ಗುಂಪಿನಲ್ಲಿ ಒಬ್ಬ ಹೆಂಗಸಾದರೂ ಇರಲೇಬೇಕು, ಇದರಲ್ಲಿ ರಾಜಿ ಬೇಡ. ಗಂಡು ಹೆಣ್ಣಿನ ಲೆಕ್ಕಕ್ಕೆ ಸಿಗದ ಕಾರಣಕ್ಕೆ ಮನೆಯಿಂದ ಹೊರಬಿದ್ದವರೂ ಇದ್ದಾರೆ. 2019ರ ಕಾಯ್ದೆಯಂತೆ ಅವರಿಗೆ ಜಿಲ್ಲಾಧಿಕಾರಿಯಿಂದಲೇ ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ ಸಿಗುತ್ತದೆ, ಮನೆಯವರ ಒಪ್ಪಿಗೆ ಬೇಡ.

ಕಾಗದಪತ್ರದ ಕೆಲಸ

ಇಲ್ಲಿ ತಾಳ್ಮೆ ಬೇಕು. ಎಲ್ಲ ಬಾಗಿಲುಗಳ ಕೀ ಇದೇ, ಹಾಗೆಯೇ ಹೆಚ್ಚಿನವರು ಕೈಬಿಡುವುದೂ ಇಲ್ಲೇ.

ಮೊದಲು ಒಂದು ಪ್ಲಾಸ್ಟಿಕ್ ಫೈಲ್ ತನ್ನಿ, ಬಟನ್ ಇರುವಂಥದ್ದು. ಮಳೆಗಾಲದಲ್ಲಿ ಬ್ಯಾಗಿನೊಳಗೆ ಒದ್ದೆಯಾಗಿ ಅಂಟಿಕೊಂಡ ರೇಷನ್ ಕಾರ್ಡ್ ಪ್ರತಿಗಳನ್ನು ಬಿಡಿಸುವ ಕೆಲಸ ಯಾರಿಗೂ ಬೇಡ. ಫೈಲ್ ಅವನ ಹತ್ತಿರವೇ ಇರಲಿ, ಒಂದೊಂದು ಜೆರಾಕ್ಸ್ ನಿಮ್ಮಲ್ಲಿ. ಮಲಗಲು ಜಾಗವೇ ಇಲ್ಲದವನು ಫೈಲನ್ನು ಎಲ್ಲಿಡುತ್ತಾನೆ ಅಂತ ಕೇಳಬಹುದು. ಅದಕ್ಕೆ ಒಂದು ಅಂಗಡಿ ನೋಡಿ. ಜನರಲ್ ಸ್ಟೋರಿನವರೋ ಮೆಡಿಕಲ್‌ನವರೋ ಒಂದು ಮೂಲೆ ಕೊಡುತ್ತಾರೆ. ಅವನು ಕೇಳಿದಾಗ ಕೂಡಲೇ ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಆಧಾರ್ ಇದ್ದು ಕಳೆದಿದ್ದರೆ ಹೊಸದು ಮಾಡಿಸಲು ಹೋಗಬೇಡಿ. ಒಬ್ಬರಿಗೆ ಒಂದೇ ನಂಬರ್, ಎರಡನೆಯದು ತಿರಸ್ಕಾರವಾಗುತ್ತದೆ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಅಥವಾ ಕಣ್ಣಿನ ಗುರುತಿನ ಮೂಲಕ ಹಳೆಯ ನಂಬರ್ ಹುಡುಕಬಹುದು. 1947ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಒಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ಚಿಕ್ಕಂದಿನಲ್ಲಿ ಆಧಾರ್ ಮಾಡಿಸಿದವರು 15 ತುಂಬಿದ ಮೇಲೆ ಬೆರಳಚ್ಚು, ಕಣ್ಣು ಎರಡನ್ನೂ ಮತ್ತೆ ಕೊಡಬೇಕು. ಹದಿನಾಲ್ಕಕ್ಕೇ ಮನೆ ಬಿಟ್ಟವನಿಗೆ ಇದು ಆಗಿರುವುದಿಲ್ಲ. ಕಾರ್ಡ್ ಕೈಯಲ್ಲಿದ್ದರೂ ಬ್ಯಾಂಕಿನಲ್ಲಿ ಹೆಬ್ಬೆಟ್ಟು ಹೊಂದುವುದಿಲ್ಲ, ಸಿಮ್ ಸಿಗುವುದಿಲ್ಲ, ರೇಷನ್ ಅಂಗಡಿಯ ಮೆಷಿನ್ ಒಪ್ಪುವುದಿಲ್ಲ. "ಕಾರ್ಡು ಡೂಪ್ಲಿಕೇಟ್" ಅಂತ ಬೈಸಿಕೊಂಡು ಬರುತ್ತಾನೆ. ಅದನ್ನು ಮೊದಲು ಸರಿಮಾಡಿ. ಹಾಗೇ ಮೊಬೈಲ್ ನಂಬರನ್ನೂ ಅವನದ್ದೇ ಸೇರಿಸಿ. ಹಳೆ ಧಣಿಯದ್ದೋ ಅಣ್ಣನದ್ದೋ ನಂಬರ್ ಇದ್ದರೆ ಒಟಿಪಿ ಎಲ್ಲ ಅಲ್ಲಿಗೇ ಹೋಗುತ್ತದೆ.

ಆಧಾರ್ ಮಾಡಿಸಿಯೇ ಇಲ್ಲದಿದ್ದರೆ ಸ್ವಲ್ಪ ನಿಧಾನ. 18 ದಾಟಿದವರ ಹೊಸ ಅರ್ಜಿಯನ್ನು ರಾಜ್ಯ ಸರಕಾರದ ಮಟ್ಟದಲ್ಲೂ ಪರಿಶೀಲಿಸುತ್ತಾರೆ, ತಿಂಗಳುಗಟ್ಟಲೆ ಹಿಡಿಯಬಹುದು. ದಾಖಲೆ ಇಲ್ಲದವರಿಗೆ ಯುಐಡಿಎಐ (ಆಧಾರ್ ಪ್ರಾಧಿಕಾರ) ನಮೂನೆಯಲ್ಲೇ ಒಂದು ಪ್ರಮಾಣಪತ್ರ ಇದೆ. ಗೆಜೆಟೆಡ್ ಅಧಿಕಾರಿ, ಪಂಚಾಯತ್ ಅಧ್ಯಕ್ಷರು, ನಗರಸಭಾ ಸದಸ್ಯರು, ಅಂಗೀಕೃತ ಆಶ್ರಯಧಾಮದ ಮುಖ್ಯಸ್ಥರು, ಇಂಥವರು ಫೋಟೋದ ಮೇಲೆ ಸಹಿ, ಸೀಲು ಹಾಕಿ ಕೊಡುವಂಥದ್ದು. ಅದಕ್ಕೆ ಮೂರು ತಿಂಗಳು ಮಾತ್ರ ಬೆಲೆ. ಯಾರ ಪತ್ರ ಯಾವುದಕ್ಕೆ ನಡೆಯುತ್ತದೆ ಅಂತ ಕೇಂದ್ರದಲ್ಲಿ ಮೊದಲೇ ಕೇಳಿ, ಆಮೇಲೆ ಸಹಿಗೆ ಓಡಿ.

ಹುಟ್ಟಿದ ತಾರೀಕಿಗೆ ಒಳ್ಳೆಯ ಆಧಾರ ಶಾಲೆ. ನಾಲ್ಕನೇ ಕ್ಲಾಸಿಗೇ ಬಿಟ್ಟಿದ್ದರೂ ಪರವಾಗಿಲ್ಲ. ಪ್ರವೇಶ ರಿಜಿಸ್ಟರಿನಲ್ಲಿ ಹೆಸರು ಇರುತ್ತದೆ, ಹೆಡ್ಮಾಸ್ಟರಿಗೆ ಅರ್ಜಿ ಕೊಟ್ಟರೆ ಅದರ ನಕಲು ಕೊಡುತ್ತಾರೆ. ಬದಿಯಡ್ಕದ ಶಾಲೆಯಾದರೆ ನೀವೇ ಹೋಗಬಹುದು. ಶಾಲೆ ರಾಯಚೂರಿನಲ್ಲಿದ್ದರೆ ಫೋನಿನಲ್ಲಿ ಮಾತಾಡಿ, ಅವನ ಸಹಿಯ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಒಳಗೆ ನಿಮ್ಮ ವಿಳಾಸ ಬರೆದು ಸ್ಟಾಂಪ್ ಹಚ್ಚಿದ ಕವರ್ ಇಡಿ. ಆ ಕವರಿನ ಕಾರಣಕ್ಕೇ ಉತ್ತರ ಬರುವುದುಂಟು. ಹುಟ್ಟಿದಾಗ ನೋಂದಣಿಯೇ ಆಗದಿದ್ದರೆ ಈಗ ಮಾಡಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದು ವಕೀಲರ ಕೆಲಸ, ಕಾನೂನು ಸೇವಾ ಪ್ರಾಧಿಕಾರಕ್ಕೆ ಬಿಡಿ.

ವೋಟರ್ ಕಾರ್ಡಿಗೆ ಮನೆ ಬೇಕು ಅಂತ ಎಲ್ಲರೂ ತಿಳಿದಿದ್ದಾರೆ. ಬೇಡ. ಫಾರ್ಮ್ 6ರಲ್ಲಿ ಮಲಗುವ ಜಾಗವನ್ನೇ ಬರೆಯಬಹುದು. ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಬಂದು, ಅವನು ನಿಜವಾಗಿ ಅಲ್ಲೇ ಮಲಗುತ್ತಾನಾ ಅಂತ ನೋಡಿ ಖಚಿತ ಮಾಡಬೇಕು ಅನ್ನುವುದು ಚುನಾವಣಾ ಆಯೋಗದ್ದೇ ಸೂಚನೆ. ಬೂತ್ ಅಧಿಕಾರಿಗಳಲ್ಲಿ ಎಷ್ಟೋ ಜನ ಅಂಗನವಾಡಿ ಟೀಚರುಗಳು. ಅವರಿಗೆ ರಾತ್ರಿ ಹನ್ನೊಂದಕ್ಕೆ ಸ್ಟೇಷನಿನ ಹತ್ತಿರ ಬನ್ನಿ ಅನ್ನುವುದು ಕಷ್ಟವೇ. ಜೊತೆಗೆ ನೀವೂ ಬರುತ್ತೇನೆ ಅನ್ನಿ, ಒಂದು ರಿಕ್ಷಾ ಮಾಡಿ ಕೊಡಿ.

ರೇಷನ್ನಿಗೆ ಮೊದಲು ಕೇಳಬೇಕಾದ್ದು: ಊರಿನ ಮನೆಯ ಕಾರ್ಡಿನಲ್ಲಿ ಇವನ ಹೆಸರು ಇನ್ನೂ ಇದೆಯಾ? ಇದ್ದರೆ, ಅದು ಆದ್ಯತಾ ಕಾರ್ಡಾಗಿದ್ದರೆ, 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಕರ್ನಾಟಕದ ಕಾರ್ಡಿಗೂ ಇಲ್ಲಿ ಅಕ್ಕಿ ತೆಗೆದುಕೊಳ್ಳಬಹುದು. ಆದರೆ ಮನೆಯವರು ಪೂರ್ತಿ ಪಾಲು ಅಲ್ಲೇ ಎತ್ತುತ್ತಿದ್ದರೆ ಇಲ್ಲಿ ಏನೂ ಉಳಿದಿರುವುದಿಲ್ಲ. ಅವನು ಇಲ್ಲಿ ಎತ್ತಿದರೆ ಎಲ್ಲಿದ್ದಾನೆ ಅಂತ ಮನೆಯವರಿಗೆ ಗೊತ್ತಾಗಲೂಬಹುದು. ಅದು ಅವನಿಗೆ ಒಪ್ಪಿಗೆಯಾ ಅಂತ ಕೇಳಿಯೇ ಮುಂದೆ ಹೋಗಿ.

ಭಾಷೆ ಬಗ್ಗೆ ಒಂದು ಮಾತು. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರಿಗೆ ಆ ಹಕ್ಕು ಇದೆ. ಕೌಂಟರಿನವರು "ಮಲಯಾಳದಲ್ಲಿ ತನ್ನಿ" ಅಂದರೆ ಜಗಳ ಬೇಡ. ರಸೀದಿ ಕೇಳಿ, ಅಷ್ಟೇ. ರಸೀದಿ ಬರೆಯುವಾಗ ಹೆಚ್ಚಾಗಿ ಮಾತು ಬದಲಾಗುತ್ತದೆ. ಆದರೆ ಅದೇ ದಿನ ಅನ್ನದ ಪ್ರಶ್ನೆ ಇದ್ದರೆ ಹಕ್ಕಿನ ಹೋರಾಟವನ್ನು ಇನ್ನೊಂದು ದಿನಕ್ಕೆ ಇಟ್ಟು, ಸರಕಾರಿ ಅರ್ಜಿ ತುಂಬಿಸಿ ಕೊಡುವ ಅಕ್ಷಯ ಕೇಂದ್ರದಲ್ಲಿ ಮಲಯಾಳದಲ್ಲೇ ತುಂಬಿಸಿ ಕೊಡಿ. ಹುಡುಗನ ಹೊಟ್ಟೆಯ ಮೇಲೆ ನಮ್ಮ ಭಾಷಾಭಿಮಾನ ನಡೆಸುವುದು ಸರಿಯಲ್ಲ ಅಲ್ವಾ.

ಸ್ವಂತ ಸಿಮ್, ಸ್ವಂತ ಖಾತೆ

ಸಿಮ್ ಅವನ ಹೆಸರಲ್ಲೇ ಇರಬೇಕು. ಫೋನ್ ಕದಿಯುವುದು, ಬಿದ್ದು ಒಡೆಯುವುದು ಇದ್ದದ್ದೇ. ಹಾಗಾಗಿ ನಾಲ್ಕು ನಂಬರುಗಳನ್ನು ಒಂದು ಕಾಗದದಲ್ಲಿ ಬರೆದು ಲ್ಯಾಮಿನೇಟ್ ಮಾಡಿಸಿ ಕಿಸೆಗೆ ಹಾಕಿ.

ಜನಧನ್ ಖಾತೆಗೆ ಮಿನಿಮಮ್ ಬ್ಯಾಲೆನ್ಸ್ ಬೇಡ. ದಾಖಲೆ ಪೂರ್ತಿ ಇಲ್ಲದಿದ್ದರೂ ಫೋಟೋ ಮತ್ತು ಸಹಿಯ ಮೇಲೆ 'ಸಣ್ಣ ಖಾತೆ' ತೆರೆಯುವ ನಿಯಮ ಇದೆ. ಅದರಲ್ಲಿ 50,000ಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ, ತಿಂಗಳಿಗೆ 10,000ಕ್ಕಿಂತ ಜಾಸ್ತಿ ತೆಗೆಯುವ ಹಾಗಿಲ್ಲ. ಒಂದು ವರ್ಷ ನಡೆಯುತ್ತದೆ, ದಾಖಲೆಗೆ ಅರ್ಜಿ ಹಾಕಿದ್ದನ್ನು ತೋರಿಸಿದರೆ ಇನ್ನೊಂದು ವರ್ಷ. ಬ್ಯಾಂಕಿನಲ್ಲಿ ಎದುರು ಕೂತವರಿಗೆ ಇದು ನೆನಪಿರುವುದಿಲ್ಲ, ಮ್ಯಾನೇಜರನ್ನೇ ಕಾಣಿ. ಎಟಿಎಂ ಕಾರ್ಡ್, ಪಿನ್ ಎರಡೂ ಅವನಲ್ಲೇ ಇರಬೇಕು. "ದುಡ್ಡು ಹಾಳು ಮಾಡ್ತಾನೆ, ನಾನು ಇಟ್ಟುಕೊಳ್ತೇನೆ" ಅನ್ನುವ ಧಣಿಗಳಿಂದ ತಪ್ಪಿಸಿಕೊಂಡು ಬಂದವನಿಗೆ ನಾವು ಇನ್ನೊಬ್ಬ ಧಣಿ ಆಗಬಾರದು.

ಕೆಲಸ ಒಂದು ಕಡೆ, ಸೂರು ಒಂದು ಕಡೆ

ಹೋಟೆಲ್, ಬೇಕರಿ, ಕೆಂಪುಕಲ್ಲಿನ ಕ್ವಾರಿ, ಎಲ್ಲ ಕಡೆ "ಊಟ ವಸತಿ ಫ್ರೀ" ಅನ್ನುತ್ತಾರೆ. ಮೊದಲ ಎರಡು ವಾರಕ್ಕೆ ಒಳ್ಳೆಯದೇ. ಆದರೆ ಅಲ್ಲೇ ನಿಂತುಬಿಟ್ಟರೆ ಕೆಲಸ ಹೋದ ದಿನ ಸೂರೂ ಹೋಗುತ್ತದೆ. ಅದೇ ಹೆದರಿಕೆಗೆ ಸಂಬಳ ಬಾಕಿ ಇದ್ದರೂ ಬಾಯಿ ಬಿಡುವುದಿಲ್ಲ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಈ ಎರಡನ್ನು ಬೇರೆ ಮಾಡುವುದು. ಸಂಬಳ ಖಾತೆಗೆ ಬರಲಿ. ಬಾಕಿ ಇಟ್ಟರೆ ಅಸಿಸ್ಟೆಂಟ್ ಲೇಬರ್ ಆಫೀಸರಿಗೆ ದೂರು ಕೊಡಬಹುದು. 16 ತುಂಬಿದವರು ಅಸಂಘಟಿತ ಕಾರ್ಮಿಕರ ನೋಂದಣಿಯಾದ ಇ-ಶ್ರಮ್‌ನಲ್ಲಿ ಹೆಸರು ಸೇರಿಸಬಹುದು.

ಬಂದರಿನಲ್ಲಿ ದುಡಿಯುವವರಿದ್ದರೆ ಕ್ಯಾಲೆಂಡರ್ ನೋಡಿಕೊಳ್ಳಿ. ಕೇರಳದಲ್ಲಿ ಜೂನ್ ಎರಡನೇ ವಾರದಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ (ಯಂತ್ರದ ದೋಣಿಯಲ್ಲಿ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧ. ಮಂಗಳೂರು ಕಡೆ ಜೂನ್ 1ರಿಂದಲೇ ಶುರು, 61 ದಿನ. ಮಳೆ ಜೋರಾಗುವ ಹೊತ್ತಿಗೇ ದೋಣಿಯ ಕೆಲಸ ನಿಲ್ಲುತ್ತದೆ, ಬಾಡಿಗೆ ತಪ್ಪುತ್ತದೆ, ಹುಡುಗ ಮತ್ತೆ ಜಗಲಿಗೆ. ಏಪ್ರಿಲ್, ಮೇ ತಿಂಗಳಲ್ಲೇ ಆ ಎರಡು ತಿಂಗಳ ಬಾಡಿಗೆಯನ್ನು ಬದಿಗಿಡಲು ಹೇಳಿ, ಬದಲಿ ಕೆಲಸವನ್ನೂ ಮೊದಲೇ ಹುಡುಕಿ.

ಕೈಕೆಲಸ ಕಲಿಯಲು ಮನಸ್ಸಿದ್ದರೆ ಆರ್‌ಸೆಟಿ, ಅಂದರೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆ, ಒಳ್ಳೆಯ ದಾರಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿಯಲ್ಲೇ ಈಗ ಜಿಲ್ಲೆ ಜಿಲ್ಲೆಯಲ್ಲೂ ಇವು ನಡೆಯುತ್ತವೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ನೆಲೆ ಇಲ್ಲದವನಿಗೆ ಕಲಿಯುವಷ್ಟು ದಿನ ಮಲಗಲು ಜಾಗವೂ ಸಿಕ್ಕಿತಲ್ಲ! ಆದರೆ ತರಬೇತಿ ಮುಗಿದ ಮರುದಿನ ಎಲ್ಲಿಗೆ ಅನ್ನುವುದನ್ನು ಸೇರಿಸುವ ಮೊದಲೇ ಗಟ್ಟಿ ಮಾಡಿಕೊಳ್ಳಿ. ಹತ್ತನೇ ಕ್ಲಾಸ್ ಬರೆಯಬೇಕು ಅನ್ನುವವರಿಗೆ ಕೇರಳ ಸಾಕ್ಷರತಾ ಮಿಷನ್ನಿನ ತುಲ್ಯತಾ (ಹತ್ತನೆಯದಕ್ಕೆ ಸಮಾನವಾದ) ಪರೀಕ್ಷೆ ಇದೆ. 17 ತುಂಬಿದ್ದರೆ ಸಾಕು, ಕನ್ನಡದಲ್ಲೂ ಬರೆಯಬಹುದು. ಇದಕ್ಕೆ ಅವಸರ ಬೇಡ, ಕೋಣೆಯಲ್ಲಿ ನೆಲೆ ನಿಂತ ಮೇಲೆ ನೋಡೋಣ.

ಕ್ವಾರ್ಟರ್ಸ್ ಹಿಡಿಯುವುದು

ಬಾಡಿಗೆ ಕೊಡಲು ದುಡ್ಡಿದ್ದರೂ ಕೋಣೆ ಸಿಗುವುದಿಲ್ಲ. "ಫ್ಯಾಮಿಲಿಗೆ ಮಾತ್ರ" ಅಂತ ಬೋರ್ಡು. ಮಾತಾಡಿಸಲು ನೀವು ಹೋಗಲೇಬೇಕು. ಸಂಭಾಷಣೆ ಹೆಚ್ಚುಕಡಿಮೆ ಹೀಗಿರುತ್ತದೆ:

"ಹುಡುಗ ಯಾರ ಪೈಕಿ?"

"ನನ್ನ ಗುರ್ತದವನು ಶೆಟ್ರೇ. ಪೇಟೆಯ ಬೇಕರಿಯಲ್ಲಿ ಕೆಲಸಕ್ಕಿದ್ದಾನೆ. ಆಧಾರ್ ಉಂಟು. ಪೊಲೀಸ್ ಸ್ಟೇಷನಿಗೆ ಕೊಡುವ ಫಾರ್ಮ್ ನಾನೇ ತುಂಬಿಸಿ ಕೊಡ್ತೇನೆ."

"ಕುಡಿದು ಗಲಾಟೆ ಮಾಡಿದ್ರೆ?"

"ಮೊದಲು ನನಗೊಂದು ಫೋನ್ ಮಾಡಿ. ಬಾಡಿಗೆ ಅವನೇ ಕೊಡ್ತಾನೆ, ನನ್ನ ಹತ್ರ ಕೇಳುವುದು ಬೇಡ. ಏನಾದ್ರೂ ತಪ್ಪಿದರೆ ಒಂದು ತಿಂಗಳದ್ದು ನಾನು ನೋಡಿಕೊಳ್ತೇನೆ. ಅದಕ್ಕಿಂತ ಜಾಸ್ತಿ ನನ್ನಿಂದ ಆಗ್ಲಿಕ್ಕಿಲ್ಲ."

ಕೊನೆಯ ವಾಕ್ಯವನ್ನು ಮರೆಯಬೇಡಿ. ಜಾಮೀನಿಗೆ ಮಿತಿ ಇರಲಿ, ಅದು ಹುಡುಗನ ಎದುರೇ ಹೇಳಿದ್ದಾಗಿರಲಿ. ಅವನ ಹಳೆಯ ಕಥೆಯನ್ನೆಲ್ಲ ಮಾಲಕರಿಗೆ ಹೇಳುವ ಅಗತ್ಯ ಇಲ್ಲ. ಸುಳ್ಳು ಹೇಳುವುದೂ ಬೇಡ. ಕೆಲಸ, ಕಾಗದ, ಫೋನ್ ನಂಬರ್, ಇಷ್ಟು ಅವರಿಗೆ ತಿಳಿಯಬೇಕಾದ್ದು.

ಹನ್ನೊಂದು ತಿಂಗಳ ಕರಾರು ಅವನ ಹೆಸರಲ್ಲೇ ಆಗಲಿ. ಅಡ್ವಾನ್ಸ್ ಎಷ್ಟು, ವಾಪಸ್ ಯಾವಾಗ, ಅದರಲ್ಲಿ ಬರೆದಿರಲಿ. ಅಡ್ವಾನ್ಸಿಗೆ ನೀವು ಸಹಾಯ ಮಾಡುವುದಾದರೆ ಕೊಟ್ಟದ್ದು ಕೊಟ್ಟದ್ದೇ ಅಂತ ಲೆಕ್ಕ ಹಾಕಿ. ಸಾಲ ಅಂದರೆ ತೀರಿಸಲಾಗದ ದಿನ ನಿಮ್ಮ ಮುಖ ತಪ್ಪಿಸಿ ಓಡಾಡುತ್ತಾನೆ, ಬೇಕಾದಾಗಲೂ ಫೋನ್ ಮಾಡುವುದಿಲ್ಲ. ಕರೆಂಟಿನ ವಿಷಯ ಕೇಳಿಕೊಳ್ಳಿ. ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಬಿಲ್ಲು ಎರಡು ತಿಂಗಳಿಗೊಮ್ಮೆ ಬರುತ್ತದೆ, ಗೊತ್ತಿಲ್ಲದವನಿಗೆ ಒಮ್ಮೆಲೇ ತಲೆ ಮೇಲೆ ಬಿದ್ದಂತಾಗುತ್ತದೆ. ಮಳೆಗಾಲಕ್ಕೆ ಮೊದಲು ಹಿಡಿಯುವುದಾದರೆ ಗೋಡೆಯ ಮೇಲಿನ ಹಳೆ ನೀರಿನ ಕಲೆ ನೋಡಿ.

ಮೊದಲ ದಿನಕ್ಕೆ ಬೇಕಾದ್ದು ಸ್ವಲ್ಪವೇ. ಚಾಪೆ, ಹೊದಿಕೆ, ಬಕೆಟ್, ಮಗ್, ಗಂಜಿ ಬೇಯಿಸುವಷ್ಟು ದೊಡ್ಡ ಒಂದು ಪಾತ್ರೆ, ಒಂದು ತಟ್ಟೆ, ಒಂದು ಬಲ್ಬು, ಬಟ್ಟೆ ಒಣಗಿಸಲು ಹಗ್ಗ, ಮತ್ತೆ ಹೊಸ ಬೀಗ. ಬೀಗ ಅವನೇ ಅಂಗಡಿಯಲ್ಲಿ ಆರಿಸಲಿ, ಕೀಗಳು ಅವನಲ್ಲೇ ಇರಲಿ. ಒಂದು ಕೀ ನಿಮಗೆ ಕೊಡಲು ಬಂದರೂ ತೆಗೆದುಕೊಳ್ಳಬೇಡಿ. ಗ್ಯಾಸಿಗೆ 5 ಕಿಲೋದ 'ಛೋಟು' ಸಿಲಿಂಡರ್ ಸಾಕು. ಅದಕ್ಕೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಇದ್ದರಾಯಿತು. ಮನೆಯಲ್ಲಿ ಮೂಲೆಗೆ ಬಿದ್ದ ಹರಕು ಹಾಸಿಗೆಯನ್ನು ದಾನ ಮಾಡುವ ಪುಣ್ಯದ ಕೆಲಸವನ್ನು ದಯವಿಟ್ಟು ಇಲ್ಲಿ ಮಾಡಬೇಡಿ.

ಕೋಣೆ ಸಿಕ್ಕಿದ ಮೇಲಿನ ಮೂರು ತಿಂಗಳು

ಹೆಚ್ಚಿನವರು ಇಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಕಷ್ಟ ಶುರುವಾಗುವುದೇ ಇಲ್ಲಿಂದ.

ನಿದ್ದೆ ಬರುವುದಿಲ್ಲ. ಬಸ್‌ಸ್ಟಾಂಡಿನ ಗದ್ದಲದಲ್ಲಿ ಮಲಗಿ ರೂಢಿಯಾದವನಿಗೆ ಮುಚ್ಚಿದ ಕೋಣೆಯ ಮೌನವೇ ಹೆದರಿಕೆ. ಲೈಟ್ ಹಾಕಿಕೊಂಡೇ ಮಲಗುತ್ತಾನೆ, ಬಾಗಿಲ ಹತ್ತಿರವೇ ಚಾಪೆ ಹಾಸುತ್ತಾನೆ, ಬಿಸ್ಕಿಟ್ ಪ್ಯಾಕೆಟನ್ನು ದಿಂಬಿನಡಿ ಇಡುತ್ತಾನೆ. ಕೆಲವು ರಾತ್ರಿ ಎದ್ದು ಮತ್ತೆ ಸ್ಟೇಷನಿಗೇ ಹೋಗಿ ಮಲಗಿ ಬರುವುದೂ ಉಂಟು. ಇದನ್ನು ಕೃತಘ್ನತೆ ಅಂತ ತಿಳಿಯಬೇಡಿ, ಬೈಯಬೇಡಿ. ಒಂದು ಹಳೆ ರೇಡಿಯೋ ಇಟ್ಟುಕೊಟ್ಟರೆ ಸಹಾಯವಾಗುತ್ತದೆ. ನಿದ್ದೆಯಿಲ್ಲದೆ, ಊಟ ಸೇರದೆ ವಾರಗಟ್ಟಲೆ ಹೋದರೆ 14416ಕ್ಕೆ ಫೋನ್ ಮಾಡಿಸಿ. ಅದು ಟೆಲಿ-ಮಾನಸ್, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ.

ಎರಡನೆಯದು ಗೆಳೆಯರು. ಒಬ್ಬನಿಗೆ ಕೋಣೆ ಸಿಕ್ಕಿತು ಅಂದರೆ ವಾರದೊಳಗೆ ನಾಲ್ಕು ಜನ ಅಲ್ಲಿ ಮಲಗುತ್ತಾರೆ. ಮಾಲಕರ ಫೋನ್ ಬರುತ್ತದೆ. "ಅವರನ್ನೆಲ್ಲ ಬಿಡು" ಅನ್ನುವುದು ನಮಗೆ ಸುಲಭ. ಆದರೆ ಹಸಿದಾಗ ಅರ್ಧ ಪರೋಟ ಕೊಟ್ಟವರು ಅವರೇ. ಹಾಗಾಗಿ ನಿಯಮವನ್ನು ಅವನೇ ಮಾಡಲಿ. ಹಗಲು ಬರಬಹುದು, ರಾತ್ರಿ ಉಳಿಯುವ ಹಾಗಿಲ್ಲ, ಇಂಥದ್ದು. ಹೇಳಲು ಅವನಿಗೆ ಮುಜುಗರವಾದರೆ ನಿಮ್ಮ ಹೆಸರು ಹೇಳಲಿ. "ಮಾಷ್ಟ್ರು ಬೈತಾರೆ" ಅಂದುಬಿಟ್ಟರೆ ಅವನ ಮಾನ ಉಳಿಯಿತು, ಗೆಳೆತನವೂ ಉಳಿಯಿತು. ಕೆಟ್ಟ ಹೆಸರು ನಮಗೆ ಬರಲಿ, ಅದರಿಂದ ನಷ್ಟವೇನಿಲ್ಲ.

ಮೂರನೆಯದು ದುಡ್ಡು. ಬೀದಿಯಲ್ಲಿ ಇದ್ದವರಿಗೆ ಇವತ್ತಿನ ದುಡ್ಡು ಇವತ್ತೇ ಮುಗಿಸುವುದು ಬುದ್ಧಿವಂತಿಕೆ, ಇಟ್ಟುಕೊಂಡರೆ ರಾತ್ರಿ ಕಳವಾಗುತ್ತದೆ. ಆ ಅಭ್ಯಾಸ ಕೋಣೆಗೆ ಬಂದ ಕೂಡಲೇ ಹೋಗುವುದಿಲ್ಲ. ದೊಡ್ಡ ಬಜೆಟ್ ಪಾಠ ಬೇಡ. ಸಂಬಳ ಬಂದ ದಿನ ಸಂಜೆ ಒಟ್ಟಿಗೆ ಕೂತು ಒಂದು ಕಾಗದದಲ್ಲಿ ಬರೆಯಿರಿ. ಉದಾಹರಣೆಗೆ, ಊಟ ಕಳೆದು 12,000 ಸಿಗುತ್ತದೆ ಅನ್ನೋಣ. ಬಾಡಿಗೆ 3,500 ಅದೇ ದಿನ ಹೋಗಲಿ. ಕರೆಂಟಿಗೆ 300. ಆಪತ್ತಿಗೆ 1,000, ಅದು ಒಂದು ತಿಂಗಳ ಬಾಡಿಗೆಯಷ್ಟು ಆಗುವವರೆಗೆ ಮುಟ್ಟುವ ಹಾಗಿಲ್ಲ. ಉಳಿದದ್ದು ಅವನದು. ಅದರಲ್ಲಿ ಶೂ ತೆಗೆದುಕೊಳ್ಳಲಿ, ಸಿನಿಮಾ ನೋಡಲಿ, ನೀವು ಲೆಕ್ಕ ಕೇಳಬೇಡಿ.

ಆರೋಗ್ಯದಲ್ಲಿ ಎರಡು ವಿಷಯ ಕೂಡಲೇ ನೋಡಿ. ಬೆರಳುಗಳ ಸಂದಿಯಲ್ಲಿ ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಔಷಧಿಯ ಜೊತೆ ಬಟ್ಟೆ, ಹೊದಿಕೆ ಎಲ್ಲವನ್ನೂ ಬಿಸಿನೀರಲ್ಲಿ ಒಗೆಯಬೇಕು, ಒಟ್ಟಿಗೆ ಮಲಗುವವರೂ ಹಚ್ಚಿಕೊಳ್ಳಬೇಕು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಇದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ, ಕ್ಷಯಕ್ಕೆ ಪರೀಕ್ಷೆಯೂ ಮದ್ದೂ ಉಚಿತ. ಕುಡಿತ, ಗಾಂಜಾ, ಎಂಡಿಎಂಎ ಚಟ ಇದ್ದರೆ ಕೇರಳ ಅಬಕಾರಿ ಇಲಾಖೆಯ 'ವಿಮುಕ್ತಿ' ಇದೆ, 14405. ಚಟ ಬಿಟ್ಟ ಮೇಲೆಯೇ ಕೋಣೆ ಅನ್ನುವ ಷರತ್ತು ಮಾತ್ರ ಹಾಕಬೇಡಿ. ಮಲಗಲು ಜಾಗವಿಲ್ಲದೆ ಚಟ ಬಿಡುವುದು ಯಾರಿಂದಲೂ ಸುಲಭವಲ್ಲ.

ಸ್ಟೇಟಸ್ಸಿಗೆ ಹಾಕಬೇಡಿ

ಹೊಸ ಚಾಪೆ ಕೊಡುವ ಫೋಟೋ, ಅದರ ಕೆಳಗೆ ನಾಲ್ಕು ಸಾಲು, ಕೈಮುಗಿದ ಚಿಹ್ನೆ. ಬೇಡ. ಆ ಫೋಟೋ ಅವನ ಧಣಿಗೂ ಹೋಗುತ್ತದೆ, ನಾಳೆ ಮದುವೆ ಮಾತುಕತೆಯ ಮನೆಗೂ ಹೋಗುತ್ತದೆ. 18 ಆಗದವರದ್ದಂತೂ ಹೆಸರು, ಫೋಟೋ, ಶಾಲೆ ಯಾವುದನ್ನೂ ಮಾಧ್ಯಮದಲ್ಲಿ ಹಾಕುವ ಹಾಗಿಲ್ಲ. ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ದೇಣಿಗೆ ಬೇಕಾದರೆ "ಒಬ್ಬರ ಅಡ್ವಾನ್ಸಿಗೆ ಇಷ್ಟು ಬೇಕು" ಅನ್ನಿ. ಕೊಡುವವರು ಕೊಡುತ್ತಾರೆ.

ಹಾಗೇ ಮನೆಯವರಿಗೆ ಕದ್ದು ಫೋನ್ ಮಾಡಿ "ನಿಮ್ಮ ಮಗ ಇಲ್ಲಿದ್ದಾನೆ" ಅಂತ ಹೇಳುವುದೂ ಬೇಡ. ಅಮ್ಮನ ಹತ್ತಿರ ಮಾತಾಡಬೇಕು ಅಂತ ಅವನಿಗೆ ಒಂದಲ್ಲ ಒಂದು ದಿನ ಅನಿಸಬಹುದು, ಅನಿಸದೆಯೂ ಇರಬಹುದು.

ಕೆಲಸ ಬಿಟ್ಟರೆ, ಊರು ಬಿಟ್ಟರೆ

ಮೊದಲ ಕೆಲಸ ನಿಲ್ಲುವುದು ಕಡಿಮೆ. ಎರಡನೆಯದೂ ಹೋಗಬಹುದು. ಕೋಣೆ ಬಿಟ್ಟು ಹೇಳದೆ ಹೋಗುವವರೂ ಇದ್ದಾರೆ. ಆಗ ಮಾಡಬೇಕಾದ್ದು: ಮಾಲಕರ ಹತ್ತಿರ ಮಾತಾಡಿ ಹದಿನೈದು ದಿನ ಕೋಣೆ ಹಿಡಿದಿಡಿ. ದಿನಕ್ಕೆ ಹತ್ತು ಸಲ ಫೋನ್ ಮಾಡಬೇಡಿ, ಒಂದು ವಾಯ್ಸ್ ಮೆಸೇಜ್ ಕಳಿಸಿ, "ಫೈಲ್ ಅಂಗಡಿಯಲ್ಲೇ ಉಂಟು, ಬುಧವಾರ ಆರಕ್ಕೆ ನಾನು ಅಲ್ಲಿರ್ತೇನೆ" ಅಂತ. ಬುಧವಾರ ಆರಕ್ಕೆ ಅಲ್ಲಿರಿ. ವಾಪಸ್ ಬಂದರೆ ಎಲ್ಲಿ ಹೋಗಿದ್ದೆ ಅಂತ ವಿಚಾರಣೆ ಬೇಡ, ಬಾಡಿಗೆ ಎಷ್ಟು ಬಾಕಿ ಅಂತ ಲೆಕ್ಕಕ್ಕೆ ಕೂರಿ.

ಮಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಹೋಗುವುದಾದರೆ ಹೋಗಲಿ. ಅಲ್ಲಿ ಗುರ್ತದವರು ಒಬ್ಬರಿದ್ದರೆ ಅವನನ್ನು ಕೇಳಿ ಅವರ ನಂಬರ್ ಕೊಡಿ. ಆಧಾರ್ ವಿಳಾಸ, ವೋಟರ್ ಕಾರ್ಡ್ ಬದಲಾವಣೆ ಆಮೇಲೆ ನಿಧಾನವಾಗಿ ಆಗಲಿ, ಬ್ಯಾಂಕ್ ಖಾತೆಯನ್ನು ಮುಚ್ಚುವುದು ಬೇಡ. ಜೆರಾಕ್ಸ್ ಪ್ರತಿಗಳ ಒಂದು ಸೆಟ್ ನಿಮ್ಮಲ್ಲಿ ಇಟ್ಟುಕೊಳ್ಳಬಹುದಾ ಅಂತ ಕೇಳಿ, ಬೇಡ ಅಂದರೆ ಕೊಟ್ಟುಬಿಡಿ. ಕೋಣೆ ಖಾಲಿ ಮಾಡುವ ದಿನ ಮಾಲಕರ ಎದುರು ಕರೆಂಟ್ ಮೀಟರ್ ನೋಡಿ ಬಾಕಿ ತೀರಿಸಿ. ಉಳಿದ ಅಡ್ವಾನ್ಸನ್ನು ನಿಮ್ಮ ಕೈಗೆ ಕೊಡಲು ಬಂದರೂ ಅವನ ಖಾತೆಗೇ ಹಾಕಿಸಿ. ಮಂಗಳೂರಿನಲ್ಲಿ ಹೊಸ ಕೋಣೆಯ ಅಡ್ವಾನ್ಸಿಗೆ ಅದು ಆ ವಾರವೇ ಬೇಕಾಗುತ್ತದೆ.